ಮಗು ಚೆನ್ನಾಗಿದೆಯೇ? ಮಗುವನ್ನೇ ಕೇಳೋಣ



ಮಗು ಹುಟ್ಟಿದಾಗಿನಿಂದ ನಾವು ಅಳೆಯುತ್ತಲೇ ಇರುತ್ತೇವೆ. ತಾಯಿ ಕಾರ್ಡಿನಲ್ಲಿ ತೂಕ, ಅಂಗನವಾಡಿಯಲ್ಲಿ ಎತ್ತರ, ಎಸ್ಎಸ್ಎಲ್‌ಸಿಗೆ ಬಂದರೆ ಅಂಕ. ಇವೆಲ್ಲ ಬೇಕಾದವೇ. ಆದರೆ ಆ ಮಗು ನೆಮ್ಮದಿಯಿಂದಿದೆಯೇ, ಒಳ್ಳೆಯ ಮನುಷ್ಯನಾಗಿ ಬೆಳೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯೊಂದು ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ 25 ಹೇಳಿಕೆಗಳಿವೆ. ಇಪ್ಪತ್ತು ತೊಂದರೆಗಳನ್ನು ಗುರುತಿಸುವಂಥವು: ಅಂಜಿಕೆ, ಸಿಟ್ಟು, ಚಂಚಲತೆ, ಓರಗೆಯವರೊಡನೆ ಹೊಂದಿಕೊಳ್ಳಲಾಗದಿರುವುದು. ಉಳಿದ ಐದು ಮಗುವಿನ ಒಳ್ಳೆಯತನವನ್ನು ನೋಡುತ್ತವೆ. ಯಾರಿಗಾದರೂ ಪೆಟ್ಟಾದರೆ ನೆರವಿಗೆ ಹೋಗುತ್ತದೆಯೇ, ತನ್ನದನ್ನು ಹಂಚಿಕೊಳ್ಳುತ್ತದೆಯೇ, ತನಗಿಂತ ಚಿಕ್ಕವರನ್ನು ಅಕ್ಕರೆಯಿಂದ ಕಾಣುತ್ತದೆಯೇ? ತೊಂದರೆಗಳ ಒಟ್ಟು ಲೆಕ್ಕ ಗರಿಷ್ಠ 40. ಈ ಐದರ ಅಂಕ ಅದಕ್ಕೆ ಸೇರುವುದಿಲ್ಲ, ಪ್ರತ್ಯೇಕವಾಗಿಯೇ ನಿಲ್ಲುತ್ತದೆ. ಹೀಗೆ ಬೇರೆಯಾಗಿಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ. ತೊಂದರೆಯ ಲೆಕ್ಕದಲ್ಲಿ ಸೊನ್ನೆ ಬಂದ ಮಾತ್ರಕ್ಕೆ ಮಗು ಅರಳಿದೆ ಎನ್ನಲಾಗದು.

ಅಮೆರಿಕದಲ್ಲಿ ರಿಚರ್ಡ್ ಲರ್ನರ್ ಮತ್ತು ಸಂಗಡಿಗರು 2002ರಲ್ಲಿ ಆರಂಭಿಸಿದ ಅಧ್ಯಯನ ಇನ್ನೊಂದು ಕಡೆಯಿಂದ ಹೊರಟಿತು. ಸಾಮರ್ಥ್ಯ, ಆತ್ಮವಿಶ್ವಾಸ, ಬಾಂಧವ್ಯ, ಚಾರಿತ್ರ್ಯ, ಕರುಣೆ ಈ ಐದನ್ನು ಅವರು ಹದಿಹರೆಯದವರಲ್ಲಿ ವರ್ಷದಿಂದ ವರ್ಷಕ್ಕೆ ಗಮನಿಸಿದರು.

ಆದರೆ ನನ್ನ ಕಣ್ಣು ತೆರೆಸಿದ್ದು 2007ರ ಯುನಿಸೆಫ್ ವರದಿ. 21 ಸಿರಿವಂತ ದೇಶಗಳ ಮಕ್ಕಳ ಸ್ಥಿತಿಯನ್ನು ಅದು ಹೋಲಿಸಿತ್ತು. ಆದಾಯ, ಆರೋಗ್ಯ, ಓದು ಎಲ್ಲವೂ ಅಲ್ಲಿದ್ದವು. ಜೊತೆಗೆ ಮಕ್ಕಳೇ ಕೊಟ್ಟ ಉತ್ತರಗಳೂ ಇದ್ದವು. ಅಪ್ಪ ಅಮ್ಮನ ಜೊತೆ ಕೂತು ಊಟ ಮಾಡುತ್ತೀಯಾ? ಅವರು ನಿನ್ನ ಜೊತೆ ಸುಮ್ಮನೆ ಮಾತಾಡುತ್ತಾ ಕೂರುತ್ತಾರಾ? ನಿನ್ನ ಸಹಪಾಠಿಗಳು ಒಳ್ಳೆಯವರಾ? ಒಟ್ಟು ಪಟ್ಟಿಯಲ್ಲಿ ನೆದರ್ಲೆಂಡ್ಸ್ ಮೊದಲಿತ್ತು. ಅಮೆರಿಕ 20ನೆಯದು, ಬ್ರಿಟನ್ ಕೊನೆಯದು. ದುಡ್ಡಿದ್ದ ಮಾತ್ರಕ್ಕೆ ಮಕ್ಕಳು ಸುಖವಾಗಿರುತ್ತಾರೆ ಎಂಬ ನಂಬಿಕೆಗೆ ಅಲ್ಲಿ ಬಲವಾದ ಏಟು ಬಿತ್ತು.

ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಮಗ್ರ ಪ್ರಗತಿ ಪತ್ರದ ಮಾತಾಡಿದೆ. ಅದರಲ್ಲಿ ಮಗು ತನ್ನನ್ನು ತಾನೇ ಅಳೆದುಕೊಳ್ಳಲು, ಗೆಳೆಯರು ಅಭಿಪ್ರಾಯ ಹೇಳಲು ಜಾಗವಿದೆ. ನನಗಿರುವ ಆತಂಕ ಒಂದೇ. ಕರುಣೆಗೂ ಅಂಕ ಕೊಟ್ಟು, ‘ನಿನಗೆ ಯಾಕೆ ಕಡಿಮೆ ಬಂತು’ ಎಂದು ಮಗುವನ್ನು ಗದರಿಸುವ ಕಾಲ ಬರಬಾರದು. ಇಂಥ ಅಳತೆಗೆ ಉತ್ತರ ಹೇಳಬೇಕಾದವರು ಮನೆಯವರು, ಶಾಲೆಯವರು, ಸರ್ಕಾರದವರು.

ಆದ್ದರಿಂದ ಇಲ್ಲಿರುವ ಪೋಷಕರಲ್ಲಿ, ಶಿಕ್ಷಕರಲ್ಲಿ ನನ್ನ ವಿನಂತಿ: ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಫಲಿತಾಂಶದ ಚರ್ಚೆಗೆ ಮುಂಚೆ, ಮಕ್ಕಳು ಶಾಲೆಯ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ದಯವಿಟ್ಟು ಅವರ ಬಾಯಿಂದಲೇ ಕೇಳಿ, ನಡಾವಳಿಯಲ್ಲಿ ಬರೆಸಿ.