ಪ್ಲೇಟಿನ ಹಿಂಬದಿಯ ಹಾಡು



1950ರ ಕೊನೆಯ ತಿಂಗಳುಗಳು. ಅಮೆರಿಕದ ಮರ್ಕ್ಯುರಿ ಕಂಪನಿ ಕ್ರಿಸ್‌ಮಸ್ ವ್ಯಾಪಾರಕ್ಕೆಂದು ಒಂದು ಗ್ರಾಮಫೋನ್ ಪ್ಲೇಟು ತಂದಿತು. ಮುಂಬದಿಗೆ ಸಾಂಟಾಕ್ಲಾಸನ ಹಾಡು. ಹಿಂಬದಿ ಖಾಲಿ ಬಿಡುವಂತಿಲ್ಲವಲ್ಲ, ಆಗಲೇ ಬೇರೆಯವರು ಹಾಡಿದ್ದ ಒಂದು ಹಾಡನ್ನು ಅಲ್ಲಿ ತುಂಬಿದರು. ಹಬ್ಬ ಮುಗಿಯಿತು, ಸಾಂಟಾನನ್ನು ಜನ ಮರೆತರು. ಹಿಂಬದಿಯ ‘ಟೆನೆಸೀ ವಾಲ್ಟ್ಸ್’ ಮಾತ್ರ ವಾರಗಟ್ಟಲೆ ಮೊದಲ ಸ್ಥಾನ ಬಿಟ್ಟು ಇಳಿಯಲಿಲ್ಲ.

ಹಾಡಿದವರು ಪ್ಯಾಟಿ ಪೇಜ್. ಇದು ಹೆತ್ತವರು ಇಟ್ಟ ಹೆಸರಲ್ಲ. 1927ರಲ್ಲಿ ಒಕ್ಲಹೋಮದಲ್ಲಿ ಹುಟ್ಟಿದಾಗ ಆಕೆ ಕ್ಲಾರಾ ಆನ್ ಫೌಲರ್. ಬಡ ಮನೆಯ ಹನ್ನೊಂದು ಮಕ್ಕಳಲ್ಲಿ ಒಬ್ಬರು. ಟಲ್ಸಾ ಊರಿನ ರೇಡಿಯೋದಲ್ಲಿ ಪೇಜ್ ಎಂಬ ಹಾಲಿನ ಕಂಪನಿ ನಡೆಸುತ್ತಿದ್ದ ಕಾರ್ಯಕ್ರಮಕ್ಕೆ ಹಾಡಲು ಸೇರಿದರು. ಕೆಲಸದ ಜೊತೆ ಕಂಪನಿಯ ಹೆಸರೂ ಬಂತು. ಕೆಲಸ ಬಿಟ್ಟ ಮೇಲೂ ಹೆಸರು ಬಿಡಲಿಲ್ಲ.

ಹಾಡು ಹುಟ್ಟಿದ್ದು ಇನ್ನೂ ಮೊದಲು, 1946ರಲ್ಲಿ, ರಸ್ತೆಯ ಮೇಲೆ. ಸಂಗೀತಗಾರರಾದ ಪೀ ವೀ ಕಿಂಗ್ ಮತ್ತು ರೆಡ್ ಸ್ಟೂವರ್ಟ್ ಗಾಡಿಯಲ್ಲಿ ಹೋಗುತ್ತಿದ್ದಾಗ ರೇಡಿಯೋದಲ್ಲಿ ‘ಕೆಂಟಕಿ ವಾಲ್ಟ್ಸ್’ ಬಂತಂತೆ. ಟೆನೆಸೀ ರಾಜ್ಯಕ್ಕೂ ಒಂದು ಯಾಕಿರಬಾರದು? ಮಾತಿಲ್ಲದ ಅವರದೇ ಒಂದು ಹಳೆಯ ಧಾಟಿ ಇತ್ತು. ಬೆಂಕಿಪೊಟ್ಟಣ ಬಿಚ್ಚಿ ಅದರ ಮೇಲೆ ಸಾಹಿತ್ಯ ಬರೆದರು. ವಾಲ್ಟ್ಸ್ ಎಂದರೆ ಮೂರೆಣಿಕೆಯ ಕುಣಿತ. ನಮ್ಮ ತಿಶ್ರ ನಡೆ ಬಲ್ಲವರ ಕಾಲು ತಾನಾಗಿ ತಾಳ ಹಾಕುತ್ತದೆ.

ಕತೆ ಇಷ್ಟೇ: ಒಬ್ಬಳು ತನ್ನವನೊಡನೆ ಕುಣಿಯುತ್ತಿದ್ದಾಳೆ, ಹಳೆಯ ಗೆಳತಿ ಎದುರಾಗುತ್ತಾಳೆ, ಅವಳನ್ನು ತನ್ನವನಿಗೆ ಪರಿಚಯ ಮಾಡಿಸುತ್ತಾಳೆ. ಅಲ್ಲಿಗೆ ಅವನು ಗೆಳತಿಯ ಪಾಲು. ಒಂದು ತಮಾಷೆ ಗಮನಿಸಿ. ಆ ಹೊತ್ತಿಗೆ ನುಡಿಯುತ್ತಿದ್ದದ್ದು ಟೆನೆಸೀ ವಾಲ್ಟ್ಸ್ ಎನ್ನುತ್ತಾಳೆ. ನಾವು ಕೇಳುತ್ತಿರುವುದೂ ಅದನ್ನೇ. ಹಾಗಾದರೆ ಅವಳು ಅಂದು ಕೇಳಿದ್ದು ಯಾವುದು?

ಇದನ್ನು ಹಲವರು ಹಾಡಿದ್ದಾರೆ. ಪ್ಯಾಟಿಯದೇ ಯಾಕೆ ನಿಂತಿತು? ಪ್ಯಾಟಿಯದೇ 1948ರ ‘ಕನ್ಫೆಸ್’ ಹಾಡಿಗೆ ಎದುರುದನಿ ಕೊಡುವವರು ಬೇಕಿತ್ತು, ಇರಲಿಲ್ಲ. ತನ್ನ ದನಿಗೆ ತಾನೇ ಉತ್ತರ ಕೊಟ್ಟು, ಎರಡನ್ನೂ ಒಂದರ ಮೇಲೊಂದು ಕೂಡಿಸಿ ಮುದ್ರಿಸಿದರು. ಅನುಕೂಲಕ್ಕೆ ಹುಡುಕಿಕೊಂಡ ಆ ಉಪಾಯವೇ ‘ಟೆನೆಸೀ ವಾಲ್ಟ್ಸ್’ ಹಾಡಿನ ಜೀವ. ಜೊತೆಗಾರನನ್ನು ಕಳೆದುಕೊಂಡವಳಿಗೆ ದನಿಗೂಡಿಸಲು ಅವಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಅಳುವ ದನಿಯಲ್ಲ ಅದು; ಪಾತ್ರೆ ತೊಳೆಯುತ್ತಾ ಹಳೆಯದನ್ನು ನೆನೆಸಿಕೊಂಡ ಹಾಗಿದೆ.

ಪ್ಯಾಟಿ 2013ರ ಹೊಸ ವರ್ಷದ ದಿನ ತೀರಿಕೊಂಡರು. ಅದಕ್ಕೂ ಬಹಳ ಮೊದಲೇ, 1965ರಲ್ಲಿ, ಟೆನೆಸೀ ರಾಜ್ಯ ಈ ಹಾಡನ್ನು ತನ್ನ ನಾಡಗೀತೆಗಳ ಸಾಲಿಗೆ ಸೇರಿಸಿಕೊಂಡಿತ್ತು. ಬೆಟ್ಟವಿಲ್ಲ, ಹೊಳೆಯಿಲ್ಲ, ವೀರರ ಹೆಸರಿಲ್ಲ. ಇರುವುದು ಕುಣಿತದ ನಡುವೆ ಒಂಟಿಯಾದ ಒಬ್ಬ ಹೆಂಗಸು.