ಹಳದಿ ಬಳ್ಳಿ, ಹಳದಿ ಕಣ್ಣು

"ಈ ಗಿಡ ಬ್ಯಾಕ್ಟೀರಿಯಾ ಕೊಲ್ಲುತ್ತೆ, ಲ್ಯಾಬಲ್ಲಿ ಪ್ರೂವ್ ಆಗಿದೆ" ಅನ್ನೋ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ಇವತ್ತು ಆ 'ಪ್ರೂವ್' ಅನ್ನೋ ಪದದ ಲೆಕ್ಕ ನೋಡೋಣ. ಉದಾಹರಣೆಗೆ ನಮ್ಮ ಪಶ್ಚಿಮ ಘಟ್ಟದ ಮರದರಿಶಿನ ತಗೊಳ್ಳಿ. ಹೆಸರಲ್ಲಿ ಮರ ಇದ್ರೂ ಇದು ದಪ್ಪನೆಯ ಬಳ್ಳಿ. ಕಾಂಡ ಕತ್ತರಿಸಿದ್ರೆ ಒಳಗೆಲ್ಲ ಅರಿಶಿನದ ಬಣ್ಣ. ಆ ಹಳದಿಗೆ ಮುಖ್ಯ ಕಾರಣ ಬರ್ಬರಿನ್ ಅನ್ನೋ ಆಲ್ಕಲಾಯ್ಡ್.

ಮೊದಲ ಟೆಸ್ಟ್ ಸರಳ. ಬ್ಯಾಕ್ಟೀರಿಯಾ ಹರಡಿದ ಪೆಟ್ರಿ ತಟ್ಟೆ ಮೇಲೆ, ಗಿಡದ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡ್ತಾರೆ. ಮರುದಿನ ಅದರ ಸುತ್ತ ಖಾಲಿ ವೃತ್ತ ಕಂಡ್ರೆ ಬೆಳವಣಿಗೆ ನಿಂತಿದೆ ಅಂತ. ಫಾರ್ವರ್ಡ್‌ಗಳು ಇಲ್ಲಿಗೇ ಮುಗಿಯುತ್ವೆ. ಆದ್ರೆ ಬ್ಲೀಚ್ ಇಟ್ಟರೂ ವೃತ್ತ ಬರುತ್ತೆ! ಬ್ಲೀಚ್ ಕುಡೀತೀರಾ?

ಹಾಗಾಗಿ ಎರಡು ಅಂಕಿ ಬೇಕು. ಸಾರವನ್ನು ಅರ್ಧರ್ಧ ತೆಳು ಮಾಡ್ತಾ ಹೋದಾಗ ಬ್ಯಾಕ್ಟೀರಿಯಾವನ್ನು ತಡೆಯೋ ಅತಿ ಕಡಿಮೆ ಪ್ರಮಾಣ ಒಂದು. ಮನುಷ್ಯನ ಜೀವಕೋಶಗಳಲ್ಲಿ ಅರ್ಧದಷ್ಟು ಸಾಯೋ ಪ್ರಮಾಣ ಇನ್ನೊಂದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಉತ್ತರ 1ರ ಹತ್ತಿರ ಬಂದ್ರೆ ಅದು ಔಷಧಿ ಅಲ್ಲ, ಎಲ್ಲರನ್ನೂ ಹೊಡೆಯೋ ವಿಷ. ನಾನು ಬಿಕಾಂ. ಖರ್ಚು ಮುಚ್ಚಿಟ್ಟು ಆದಾಯ ಮಾತ್ರ ತೋರಿಸೋ ಕಂಪನಿ ಥರ ಕಾಣ್ತವೆ ನನಗೆ ಈ ಫಾರ್ವರ್ಡ್‌ಗಳು.

ಬರ್ಬರಿನ್ ಕಥೆ ಇನ್ನೂ ಮಜಾ ಇದೆ. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ, ಒಳಗೆ ಬಂದ ಬರ್ಬರಿನನ್ನು ಪಂಪ್ ಮಾಡಿ ಆಚೆ ಎಸೆಯುತ್ತೆ. ಬರ್ಬರಿನ್ ತಯಾರಿಸೋ ಬರ್ಬೆರಿಸ್ ಗಿಡಗಳಲ್ಲೇ ಆ ಪಂಪನ್ನು ತಡೆಯೋ ಇನ್ನೊಂದು ಸಂಯುಕ್ತ ಇದೆ ಅಂತ 2000ದಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ರು. ಅದೊಂದನ್ನೇ ಹಾಕಿದ್ರೆ ಬ್ಯಾಕ್ಟೀರಿಯಾಕ್ಕೆ ಏನೂ ಆಗಲ್ಲ, ಬರ್ಬರಿನ್ ಜೊತೆಗಿದ್ರೆ ಮಾತ್ರ ಪೆಟ್ಟು. ಅಂದ್ರೆ ಸಂಯುಕ್ತಗಳನ್ನ ಒಂದೊಂದಾಗಿ ಬೇರ್ಪಡಿಸಿ ಟೆಸ್ಟ್ ಮಾಡಿದ್ರೂ ಕೆಲವೊಮ್ಮೆ ಉತ್ತರ ಕೈತಪ್ಪುತ್ತೆ.

ಈಗ ಸೀರಿಯಸ್ ವಿಷಯ. ಮರದರಿಶಿನವನ್ನು ನಾಟಿ ಔಷಧಿಯಲ್ಲಿ ಕಾಮಾಲೆಗೂ ಕೊಡ್ತಾರೆ. ಕಾಮಾಲೆ ಬಂದಾಗ ರಕ್ತದಲ್ಲಿ ಹೆಚ್ಚೋದು ಬಿಲಿರುಬಿನ್. ಅಲ್ಬುಮಿನ್ ಅನ್ನೋ ಪ್ರೋಟೀನ್ ಅದನ್ನು ಹಿಡಿದಿಟ್ಟುಕೊಂಡಿರುತ್ತೆ. ಬರ್ಬರಿನ್ ಆ ಹಿಡಿತ ಬಿಡಿಸಬಲ್ಲದು ಅಂತ ಪ್ರಯೋಗಗಳು ತೋರಿಸಿವೆ. ಹಾಗೆ ಬಿಡುಗಡೆಯಾದ ಬಿಲಿರುಬಿನ್ ನವಜಾತ ಶಿಶುವಿನ ಮೆದುಳಿಗೆ ಸೇರಿದ್ರೆ ಶಾಶ್ವತ ಹಾನಿ ಆಗಬಹುದು. ತಟ್ಟೆಯ ಟೆಸ್ಟಲ್ಲಿ ಇದು ಕಾಣೋದೇ ಇಲ್ಲ. ಜೀವಕೋಶದ ಟೆಸ್ಟಲ್ಲೂ ಕಾಣಲ್ಲ, ಯಾಕಂದ್ರೆ ಅಲ್ಲಿ ಮಗು ಇಲ್ಲ.

ಹಸುಗೂಸಿನ ಕಣ್ಣು ಹಳದಿಯಾಗಿದ್ರೆ ಯಾವ ಕಷಾಯವೂ ಬೇಡ, ಅದೇ ದಿನ ಮಕ್ಕಳ ಡಾಕ್ಟರ್ ಹತ್ರ ಹೋಗಿ. ಬೇಕಾದ್ರೆ ಅಲ್ಲಿ ಮಗುವನ್ನ ನೀಲಿ ಬೆಳಕಿನ ಕೆಳಗೆ ಮಲಗಿಸ್ತಾರೆ. ಆ ಬೆಳಕು ಬಿಲಿರುಬಿನನ್ನು ದೇಹದಿಂದ ಸುಲಭವಾಗಿ ಹೊರಹೋಗೋ ರೂಪಕ್ಕೆ ಬದಲಾಯಿಸುತ್ತೆ.