ಚಿಮಣಿಯ ತಪಾಸಣೆಯೂ ಸಭಾಸದರ ಕೆಲಸವೇ
(ಜತ್ತ ತಾಲೂಕಿನ ಸಭಾಸದರ ಮೇಳಾವೆಯಲ್ಲಿ ಮಾಡಿದ ಭಾಷಣ)



ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತಾಗ ನಿಮ್ಮ ಕಣ್ಣು ಎಲ್ಲಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಹತ್ತು ಕಿಲೋ ಹೆಚ್ಚುಕಡಿಮೆಯಾದರೂ ನೀವು ಬಿಡುವವರಲ್ಲ, ಬಿಡಲೂ ಬಾರದು. ಆದರೆ ಕಾಟಾದ ಹಿಂದೆ ನಿಂತ ಚಿಮಣಿಯನ್ನು ಎಷ್ಟು ಜನ ತಲೆ ಎತ್ತಿ ನೋಡಿದ್ದೀರಿ? ಅದರಿಂದ ಹೊರಬೀಳುವ ಬೂದಿಗೂ ತೂಕವಿದೆ, ಆ ತೂಕಕ್ಕೂ ತಪಾಸಣೆಯಿದೆ.

ನಮ್ಮ ಬಾಯ್ಲರಿನ ಉರುವಲು ಬಗ್ಯಾಸ್. ಗಿರಣಿಯಿಂದ ಬರುವಾಗಲೇ ಅದರಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಇನ್ನೂ ಹಸಿಯಿದ್ದರೆ ಸರಿಯಾಗಿ ಉರಿಯದೆ ಕಪ್ಪು ಹೊಗೆಯೂ ಅರೆಸುಟ್ಟ ಕಣಗಳೂ ಮೇಲೇಳುತ್ತವೆ. ಫೆಬ್ರುವರಿ, ಮಾರ್ಚ ಬಂತೆಂದರೆ ಇತ್ತ ಹಂಗಾಮಿನ ಕೊನೆ, ಅತ್ತ ನಮ್ಮ ಭಾಗದ ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಬಲೆಯ ಮೇಲೆ ಹಣ್ಣು ಹರವುವ ಕಾಲ. ಅದರ ಮೇಲೆ ಬೂದಿ ಕುಳಿತರೆ ವ್ಯಾಪಾರಿ ದರ ಇಳಿಸದೆ ಬಿಟ್ಟಾನೆಯೆ? ಕಣ್ಣಿಗೆ ಕಾಣದ ಸಣ್ಣ ಕಣ ಇನ್ನೂ ಕೆಟ್ಟದ್ದು. ಅದು ನೇರ ಎದೆಗಿಳಿಯುತ್ತದೆ.

ಇದನ್ನು ತಡೆಯಲು ಹೊಗೆಯನ್ನು ನೀರಿನಿಂದ ತೊಳೆಯುವ ಯಂತ್ರವನ್ನೋ, ವಿದ್ಯುತ್ತಿನಿಂದ ಕಣ ಸೆಳೆಯುವ ಯಂತ್ರವನ್ನೋ ಕೂಡಿಸುತ್ತಾರೆ. 2016ರ ಜನವರಿಯ ಕೇಂದ್ರ ಅಧಿಸೂಚನೆಯಂತೆ ಸಕ್ಕರೆ ಕಾರಖಾನೆಯ ಹೊಗೆಯಲ್ಲಿ ಘನ ಮೀಟರಿಗೆ 150 ಮಿಲಿಗ್ರಾಂ ಮೀರಿ ಕಣ ಇರಬಾರದು. ಆದರೆ ಯಂತ್ರ ಇದೆಯೆಂದ ಮಾತ್ರಕ್ಕೆ ನಡೆಯುತ್ತಿದೆಯೆಂದು ಅರ್ಥವಲ್ಲ. 1984ರ ಡಿಸೆಂಬರ 2ರ ರಾತ್ರಿ ಭೋಪಾಳದಲ್ಲಿ ವಿಷಾನಿಲ ಸುಡುವ ಗೋಪುರವೂ ಇತ್ತು, ಟಾಕಿಯನ್ನು ತಂಪಿಡುವ ಯಂತ್ರವೂ ಇತ್ತು. ಗೋಪುರದ ಕೊಳವೆ ದುರಸ್ತಿಗೆಂದು ಬಿಚ್ಚಿತ್ತು, ತಂಪಿನ ಯಂತ್ರ ನಿಲ್ಲಿಸಿತ್ತು. ನಮ್ಮ ಹೊಗೆ ಆ ಬಗೆಯ ವಿಷವಲ್ಲ, ಗಾಬರಿ ಬೇಡ. ಕಾಗದದ ಮೇಲಿನ ಯಂತ್ರವನ್ನು ನಂಬಬೇಡಿರೆಂದಷ್ಟೇ ನನ್ನ ಮಾತು.

ಹಾಗಾದರೆ ತಪಾಸಣೆಯವನನ್ನು ನಂಬೋಣವೆ? ಗುಜರಾತಿನ ಸಂಗತಿ ಕೇಳಿರಿ. ಅಲ್ಲಿ 1996ರಲ್ಲಿ ಹೈಕೋರ್ಟಿನ ಆದೇಶದಿಂದ ಹೊಲಸು ಹೆಚ್ಚು ಬಿಡುವ ಕಾರಖಾನೆಗಳಿಗೆ ಖಾಸಗಿ ತಪಾಸಣೆ ಕಡ್ಡಾಯವಾಯಿತು. ತಪಾಸಣೆಯವನನ್ನು ಆರಿಸುವವನು ಕಾರಖಾನೆಯವನೇ, ಹಣ ಕೊಡುವವನೂ ಅವನೇ. 2009ರಿಂದ 2011ರವರೆಗೆ ಅಹಮದಾಬಾದ, ಸೂರತ ಭಾಗದಲ್ಲಿ ಸಂಶೋಧಕರು ಅಲ್ಲಿಯ ಮಂಡಳಿಯ ಜೊತೆಗೂಡಿ ಪರೀಕ್ಷಿಸಿದರು. ಕಣದ ಮಿತಿ ಅಲ್ಲಿಯೂ 150. ತಪಾಸಣೆಯವರ ವರದಿಯಲ್ಲಿ ನೂರಕ್ಕೆ 7 ಕಾರಖಾನೆ ಮಾತ್ರ ಮಿತಿ ಮೀರಿದ್ದವು. ಬೇರೆಯವರು ಹೋಗಿ ಅಳೆದಾಗ 59! ಮುಂದೆ ಕೆಲವು ಕಾರಖಾನೆಗಳಿಗೆ ಚೀಟಿ ಎತ್ತಿದಂತೆ ತಪಾಸಣೆಯವರನ್ನು ಗೊತ್ತುಮಾಡಿ, ಒಂದು ಸಾಮಾನ್ಯ ನಿಧಿಯಿಂದ ಸಂಬಳ ಕೊಟ್ಟು, ಅವರು ಅಳೆದದ್ದನ್ನು ಮತ್ತೆ ಅಳೆಸಿದರು. ವರದಿ ನೆಟ್ಟಗಾಯಿತು. ಅಷ್ಟೇ ಅಲ್ಲ, ಕಾರಖಾನೆಗಳ ಹೊಲಸೂ ಇಳಿಯಿತು. ಕಾಟಾ ಪರೀಕ್ಷಿಸುವವನ ಪಗಾರ ಕಾಟಾದವನ ಕೈಯಲ್ಲಿದ್ದರೆ ಏನಾಗುವುದೆಂದು ನಿಮಗೆ ಹೊಸದಾಗಿ ತಿಳಿಸಬೇಕೆ?

ಅಳತೆ ಹೇಗೆಂದರೆ, ಚಿಮಣಿಯ ಅಟ್ಟದ ಮೇಲೇರಿ, ತೂತಿನೊಳಗೆ ನಳಿಗೆ ತೂರಿಸಿ, ಹೊಗೆ ಹರಿಯುವ ವೇಗದಲ್ಲಿಯೇ ಅದನ್ನು ಎಳೆದು ಸೋಸುತ್ತಾರೆ. ಸೋಸುವ ಕಾಗದವನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗುತ್ತಾರೆ. ಅಂದು ಬಾಯ್ಲರನ್ನು ಅರ್ಧ ಬಿಸಿಗೆ ಇಳಿಸಿದ್ದರೆ ಅಂಕಿ ಚೆಂದ ಬರುತ್ತದೆ! ಆದ್ದರಿಂದ ವರದಿ ಕೈಗೆ ಬಂದಾಗ ಅಂಕಿಯನ್ನು ಆಮೇಲೆ ನೋಡಿರಿ. ಆ ದಿನ ತಾಸಿಗೆ ಎಷ್ಟು ಟನ್ ಉಗಿ ನಡೆದಿತ್ತು, ಹಂಗಾಮಿನ ಸಾಮಾನ್ಯ ದಿನಕ್ಕೆ ಅದು ಹೊಂದುತ್ತದೆಯೆ ಎಂಬುದನ್ನು ಮೊದಲು ಕೇಳಿರಿ. ಹೊಗೆ ತೊಳೆಯುವ ಯಂತ್ರದ ಪಂಪು ರಾತ್ರಿ ಪಾಳಿಯಲ್ಲಿ ಎಷ್ಟು ತಾಸು ಓಡಿತೆಂದು ಅದರ ವಹಿಯೇ ಹೇಳುತ್ತದೆ. ಪ್ರಯೋಗಶಾಲೆಯನ್ನು ಯಾರು ಆರಿಸಿದರು ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಮಾಲಕರು ನೀವೇ ತಾನೆ?

ಮಹಾರಾಷ್ಟ್ರದ ಮಂಡಳಿ 2017ರಲ್ಲಿ ಚಿಮಣಿಯ ಕಣ ನೋಡಿ ಕಾರಖಾನೆಗಳಿಗೆ 1ರಿಂದ 5 ನಕ್ಷತ್ರ ಕೊಟ್ಟು, ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಯೋಜನೆ ಹೂಡಿತು. ಅದಿರಲಿ, ಕಾರಖಾನೆಯು ಪ್ರತಿವರ್ಷ ಸೆಪ್ಟೆಂಬರ 30ರೊಳಗೆ ಮಂಡಳಿಗೆ ಪರಿಸರ ಹೇಳಿಕೆ ಸಲ್ಲಿಸಲೇಬೇಕು. ನಮ್ಮ ವಾರ್ಷಿಕ ಸರ್ವಸಾಧಾರಣ ಸಭೆಯ ಗಡುವೂ ಅದೇ. ಈ ಸಲ ಆ ಹೇಳಿಕೆಯ ನಕಲನ್ನು ಅಹವಾಲಿನ ಜೊತೆಗೆ ಛಾಪಿಸಿರೆಂದು ಬರೆದುಕೊಡಿರಿ. ಅರ್ಜಿಯನ್ನು ನಿಮ್ಮ ಗಟದ ಆಫೀಸಿನಲ್ಲಿ ಕೊಟ್ಟು, ಪೋಚ್ ತೆಗೆದುಕೊಂಡೇ ಬನ್ನಿರಿ.